ನಲವತ್ತೆರಡನೇ ಬಿಲ್ಲೆ

ಆಪರೇಟರಮ್ಮನಿಗೆ ಅಕ್ಕ ಅಂತ ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅವಳು ಮೂವತ್ತೊಂದು ವರ್ಷ ದುಡಿದ ಆಸ್ಪತ್ರೆಯಲ್ಲಿ ಯಾರನ್ನು ಕೇಳಿದರೂ, ಇದ್ದಾರಲ್ಲ, ಮಂಡಿನೋವು, ಎಡಗಿವಿ ಮಂದ, ಬಾಯಿ ಮಾತ್ರ ಕತ್ತರಿ, ಅಂತ ನಗುತ್ತಾ ಹೇಳುತ್ತಿದ್ದರು.

ಅದು ಶುರುವಾದದ್ದು ಕೆಲಸಕ್ಕೆ ಸೇರಿದ ಮೊದಲ ದಿನ. ಮೆಟ್ಟಿಲಿನ ಕೆಳಗೆ ಕಿಟಕಿಯಿಲ್ಲದ ಕೋಣೆ, ಒಂದು ಕುರ್ಚಿ, ಟೆಲಿಫೋನಿನ ಗುಂಡಿಗಳ ಹಲಗೆ, ಕಿವಿಗೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನು. ಪರಿಚಯ ಮಾಡಿಕೊಳ್ಳಲು ಬಂದ ನರ್ಸೊಬ್ಬಳು ಬಾಗಿಲಿಗೆ ಒರಗಿ ನಿಂತು, ಮನೆಯಲ್ಲಿ ಯಾರ್ಯಾರಿದ್ದೀರಿ ಅಂತ ಕೇಳಿದಳು. ಹಾಸ್ಟೆಲಿನಲ್ಲಿ ಬೆಳೆದು ಬಾಡಿಗೆ ಕೋಣೆಯೊಂದರಲ್ಲಿ ಒಬ್ಬಳೇ ಇದ್ದ ಇಪ್ಪತ್ತೇಳರ ಹೆಣ್ಣಿಗೆ, ಯಾರೂ ಇಲ್ಲ ಅನ್ನುವ ಉತ್ತರ ಗಂಟಲ ತನಕ ಬಂದು ಅಲ್ಲೇ ನಿಂತುಬಿಟ್ಟಿತು. ಅಕ್ಕ ಇದ್ದಾಳೆ, ಅಂದಳು. ಸುಳ್ಳೇನೋ ಹೌದು, ಆದರೆ ಅದರಿಂದ ಯಾರ ಗಂಟು ಹೋಗುತ್ತಿತ್ತು?

ಮರುದಿನ ಊಟದ ಹೊತ್ತಿಗೆ ಆ ನರ್ಸು ಮತ್ತೆ ಬಂದಳು. ಡಬ್ಬಿಯೊಳಗೆ ಇಣುಕಿ, ಅಡುಗೆ ಅಕ್ಕನದಾ ಅಂತ ಕೇಳಿದಳು. ಹೌದು ಅನ್ನಬೇಕಾಯಿತು. ಹಾಗೆ ಅಕ್ಕ ಅಡುಗೆ ಮಾಡಲು ಕಲಿತಳು. ಆಮೇಲೆ ಮಾತಾಡಲು ಕಲಿತಳು. ಆಪರೇಟರಮ್ಮ ಸ್ವಭಾವದಲ್ಲಿ ಮೆದು, ಹುಷಾರಿನವಳು, ಯಾರ ಮನಸ್ಸನ್ನೂ ನೋಯಿಸದವಳು. ತಾನು ಹೇಳಲಾರದ್ದನ್ನೆಲ್ಲ ಅಕ್ಕನ ಬಾಯಿಗೆ ಹಾಕುತ್ತಾ ಹೋದಳು. ಹೊಸ ಡಾಕ್ಟರ ಕೈಬರಹ ನೋಡಿದರೆ ಕೋಳಿಯೂ ನಾಚಿಕೊಳ್ಳುತ್ತೆ ಅಂದಳಂತೆ ಅಕ್ಕ. ಆಫೀಸಿನ ಮೇನೇಜರ್ ಕೆಮ್ಮಿದರೆ ರಜೆ ಇಲ್ಲ ಅಂತ ಅರ್ಥವಂತೆ, ಸೀನಿದರೆ ಯೋಚಿಸೋಣ ಅಂತ ಅರ್ಥವಂತೆ, ಅದೂ ಅಕ್ಕನದೇ. ವಾರ್ಡು ವಾರ್ಡಿನಲ್ಲಿ ಅಕ್ಕನ ಮಾತು ಓಡಾಡಿತು. ಇವತ್ತೇನಂದ್ರಂತೆ ನಿಮ್ಮಕ್ಕ, ಅಂತ ಕೇಳದೆ ಯಾರೂ ಆ ಮೆಟ್ಟಿಲಿನ ಪಕ್ಕ ಹಾಯುತ್ತಿರಲಿಲ್ಲ.

ಅಕ್ಕನನ್ನು ನೋಡಬೇಕು ಅಂತ ಹಟ ಹಿಡಿದವರೂ ಇದ್ದರು. ಆಗೆಲ್ಲ ಅಕ್ಕನಿಗೆ ನೆಗಡಿ ಬರುತ್ತಿತ್ತು. ಒಂದು ಸಲ ಅದೇ ನರ್ಸು, ಅಷ್ಟು ಹೊತ್ತಿಗೆ ಬಡ್ತಿ ಸಿಕ್ಕಿ ದೊಡ್ಡ ನರ್ಸಮ್ಮ ಆಗಿದ್ದವಳು, ಹಣ್ಣು ಹಿಡಿದುಕೊಂಡು ಹೇಳದೆ ಕೇಳದೆ ಮನೆಬಾಗಿಲಿಗೇ ಬಂದುಬಿಟ್ಟಳು. ಈಗ ತಾನೇ ಮಲಗಿದಳು ಅಂದಳು ಆಪರೇಟರಮ್ಮ. ಪಾಪ, ದೊಡ್ಡ ನರ್ಸಮ್ಮ ಅಕ್ಕನಿಗೆ ಎಚ್ಚರವಾದೀತೆಂದು ಅರ್ಧ ಗಂಟೆ ಹೊಸ್ತಿಲಲ್ಲೇ ನಿಂತು ಪಿಸುಗುಟ್ಟುತ್ತಾ ಮಾತಾಡಿ ಹೋದಳು.

ನಿಜ ಹೇಳಬೇಕೆಂದರೆ ಇದು ಆಸ್ಪತ್ರೆಗೆ ಹೇಳುವ ಸುಳ್ಳಾಗಿ ಉಳಿದಿರಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಕಾಲಿಡುತ್ತಲೇ, ಇವತ್ತು ಏನಾಯ್ತು ಗೊತ್ತಾ, ಅಂತ ಆಪರೇಟರಮ್ಮ ಶುರುಮಾಡುತ್ತಿದ್ದಳು. ದಿನವಿಡೀ ಬೇರೆಯವರ ಮಾತನ್ನು ಬೇರೆಯವರಿಗೆ ಜೋಡಿಸಿ ಬಂದವಳಿಗೆ ತನ್ನದೂ ಒಂದು ಲೈನು ಬೇಕಲ್ಲ.

ನಿವೃತ್ತಿಯ ವರ್ಷ ಬಂತು. ಅವಳ ಜಾಗಕ್ಕೆ ಮನುಷ್ಯರು ಬರಲಿಲ್ಲ, ಯಂತ್ರ ಬಂತು. ಒಂದನ್ನು ಒತ್ತಿ, ಎರಡನ್ನು ಒತ್ತಿ, ಅನ್ನುವ ಹುಡುಗಿಯ ದನಿ. ಅವಳ ಕತ್ತು ಎಷ್ಟನ್ನು ಒತ್ತಿದರೆ ಸಿಗುತ್ತೆ ಕೇಳು, ಅಂದಳಂತೆ ಅಕ್ಕ. ಬೀಳ್ಕೊಡುಗೆಯ ದಿನ ಎಲ್ಲರೂ ಅದನ್ನೇ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ದೊಡ್ಡ ನರ್ಸಮ್ಮ ಒಂದು ಲಕೋಟೆ ಕೈಗಿಟ್ಟಳು. ಬೆಟ್ಟದ ಮೇಲಿನ ವನಧಾಮದಲ್ಲಿ ಕಾಟೇಜು, ಎರಡು ರಾತ್ರಿ, ಇಬ್ಬರಿಗೆ.

"ನೀನೂ ಅಕ್ಕನೂ ಹೋಗ್ಬನ್ನಿ ಕಣೇ," ಅಂದಳು. "ಈ ಸಲ ನೆಗಡಿ ಅಂದ್ರೆ ನಾನೇ ಬಂದು ಇಂಜೆಕ್ಷನ್ ಚುಚ್ತೀನಿ. ಇಬ್ರೂ ನಿಂತಿರೋ ಒಂದು ಫೋಟೋ ಬೇಕು ನಂಗೆ."

ಹೀಗೆ ಆಪರೇಟರಮ್ಮ ತನ್ನ ಐವತ್ತೆಂಟನೇ ವಯಸ್ಸಿನಲ್ಲಿ ಮೊಟ್ಟಮೊದಲ ಬಾರಿಗೆ ಬೆಟ್ಟ ನೋಡಲು ಹೊರಟಳು. ಬಸ್ಸು ತಿರುವು ತಿರುವಿಗೂ ವಾಲಿ, ಮೇಲೆ ಏರಿದಂತೆಲ್ಲ ಕಿವಿ ಗುಂಯ್‌ಗುಟ್ಟಿತು. ಪಕ್ಕದ ಸೀಟಿನಲ್ಲಿ ಅವಳ ಕೈಚೀಲ ಕೂತಿತ್ತು. ಯಾರಾದರೂ ಖಾಲಿಯಾ ಅಂತ ಕೇಳಿದರೆ, ಇಲ್ಲ ಅನ್ನಲು ಬಾಯಿ ಸಿದ್ಧವಾಗಿತ್ತು. ಯಾರೂ ಕೇಳಲಿಲ್ಲ.

ಕಾಟೇಜು ಚೆನ್ನಾಗಿತ್ತು. ಮರದ ನೆಲ, ಎರಡು ಮಂಚ, ಎರಡು ಟವೆಲು, ಎರಡು ಪುಟ್ಟ ಸೋಪು. ರಿಸೆಪ್ಷನ್ನಿನವನು ಇನ್ನೊಬ್ಬರೆಲ್ಲಿ ಅಂತ ಕೇಳಿದ್ದಕ್ಕೆ, ಹಿಂದೆ ಬರ್ತಿದ್ದಾಳೆ, ನಿಧಾನ ಅವಳು, ಅಂದಿದ್ದಳು. ಅವನು ತಲೆ ಕೂಡ ಎತ್ತದೆ ಎರಡು ಅಂತ ಬರೆದುಕೊಂಡ. ಆ ಸಂಜೆ ವರಾಂಡದಲ್ಲಿ ಕೂತು ಅವಳು ಕಣಿವೆ ನೋಡಿದಳು. ಪಕ್ಕದ ಕಾಟೇಜುಗಳಲ್ಲಿ ಯಾವುದೋ ಬ್ಯಾಂಕಿನ ನೌಕರರ ದಂಡು ಬಂದಿಳಿದಿತ್ತು. ಅವರ ಗದ್ದಲದ ನಡುವೆ ಇವಳ ವರಾಂಡ ಮಾತ್ರ ಆಫ್ ಮಾಡಿಟ್ಟ ಹಾಗೆ ಇತ್ತು.

ಇಲ್ಲಿಗೆ ಬಂದವರೆಲ್ಲ ಹತ್ತುವುದು ಮೇಲಿನ ದಾರಿಯನ್ನು. ಎರಡೂವರೆ ಗಂಟೆಯ ಏರು, ತುದಿಯಲ್ಲಿ ಒಂದು ಬಂಡೆ, ಅಲ್ಲಿಂದ ಹನ್ನೊಂದು ಶಿಖರ ಒಟ್ಟಿಗೆ ಕಾಣುತ್ತವೆ ಅಂತ ಕೋಣೆಯ ಗೋಡೆಯ ಮೇಲೆ ಚಿತ್ರ ಸಮೇತ ಹಾಕಿದ್ದರು. ಕಿಟಕಿಯಿಲ್ಲದ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಳೆದವಳಿಗೆ ಹನ್ನೊಂದು ಶಿಖರ ಅಂದರೆ ಸುಮ್ಮನೆ ಮಾತೇ? ಆದರೆ ಚಿತ್ರದ ಕೆಳಗೆ ಇನ್ನೊಂದು ಸಾಲಿತ್ತು. ಒಬ್ಬಂಟಿಯಾಗಿ ಹೋಗುವವರಿಗೆ ಪ್ರವೇಶವಿಲ್ಲ, ಕನಿಷ್ಠ ಇಬ್ಬರಿರಬೇಕು.

ಗೇಟಿನ ವ್ಯವಸ್ಥೆ ಹಳೆಯ ಕಾಲದ್ದು. ಗೂಡಿನಂಥ ಕೋಣೆಯಲ್ಲಿ ಒಬ್ಬ ಗುಮಾಸ್ತ, ಅವನ ಬೆನ್ನಿಗೆ ಅರವತ್ತು ಮೊಳೆ ಹೊಡೆದ ಹಲಗೆ, ಮೊಳೆಗೊಂದರಂತೆ ನಂಬರು ಕೊರೆದ ತಗಡಿನ ಬಿಲ್ಲೆ. ಒಳಗೆ ಹೋಗುವ ಪ್ರತಿಯೊಬ್ಬರ ಕೊರಳಿಗೂ ಒಂದು ಬಿಲ್ಲೆ, ವಾಪಸು ಬಂದವರು ತಾವೇ ಅದನ್ನು ಅದರ ಮೊಳೆಗೆ ಸಿಕ್ಕಿಸಬೇಕು. ಸಂಜೆ ಐದಕ್ಕೆ ಗುಮಾಸ್ತ ಹಲಗೆ ನೋಡುತ್ತಾನೆ. ಒಂದು ಮೊಳೆ ಬೋಳಾಗಿದ್ದರೂ ಬೆಟ್ಟದ ಮೇಲೆ ಒಬ್ಬರು ಉಳಿದಿದ್ದಾರೆ ಅಂತ ಅರ್ಥ.

ಮರುದಿನ ಆಪರೇಟರಮ್ಮ ಗೇಟಿಗೆ ಬರುವಾಗ ಬ್ಯಾಂಕಿನ ದಂಡು ಆಗ ತಾನೇ ಒಳಗೆ ನುಗ್ಗಿತ್ತು. ಟೋಪಿ ಮರೆತವರು, ನೀರು ಮರೆತವರು, ಗಂಡನನ್ನೇ ಹಿಂದೆ ಮರೆತು ಹೋದ ಒಬ್ಬಾಕೆ. ಗುಮಾಸ್ತನ ತಲೆ ಕೆಟ್ಟುಹೋಗಿತ್ತು. ಎಷ್ಟು ಜನ ಅಂತ ಕೇಳಿದ. ಇಬ್ಬರು ಅಂದಳು. ಇನ್ನೊಬ್ಬರು ಎಲ್ಲಿ ಅಂದ. ಅಕ್ಕ ಆ ಗುಂಪಿನ ಜೊತೆ ಮುಂದೆ ಹೋಗಿಬಿಟ್ಟಳು, ನೀವು ನೋಡಲಿಲ್ಲವಾ, ಬೂದಿ ಬಣ್ಣದ ಸ್ವೆಟರು, ಅಂದಳು. ಆಸ್ಪತ್ರೆಯಲ್ಲಿ ಅರ್ಧ ಊರಿಗೆ ಧೈರ್ಯ ತುಂಬಿದ ದನಿ ಅದು. ಅನುಮಾನ ಪಡಲು ಅವನಿಗೆ ಬಿಡುವೂ ಇರಲಿಲ್ಲ.

"ಎಂಥ ಜನ ಮೇಡಂ ನೀವು, ಬಿಲ್ಲೆ ಇಲ್ದೆ ಒಳಗೆ ಬಿಟ್ರೆ ನನ್ನ ತಲೆ ಹೋಗತ್ತೆ," ಅಂತ ಗೊಣಗಿ, ಕಾಟೇಜಿನ ನಂಬರು ಕೇಳಿ ಬರೆದುಕೊಂಡು, ನಲವತ್ತೊಂದು, ನಲವತ್ತೆರಡು ಎರಡನ್ನೂ ಅವಳ ಕೈಗೆ ಹಾಕಿದ. "ಅವರನ್ನ ಹಿಡಿದು ಕೊರಳಿಗೆ ಕಟ್ಟಿ."

ದಾರಿ ಮೊದಲು ಮರಗಳ ನಡುವೆ ಹೋಯಿತು. ಬೇರುಗಳೇ ಮೆಟ್ಟಿಲು. ಬ್ಯಾಂಕಿನವರ ನಗು ಮೊದಮೊದಲು ಮುಂದಿನ ತಿರುವಿನಲ್ಲಿ ಕೇಳಿಸುತ್ತಿತ್ತು, ಆಮೇಲೆ ಅದೂ ಕರಗಿತು. ನಡುವಿನಲ್ಲಿ ಒಂದು ಕೊಳ ಸಿಕ್ಕಿತು. ಗಾಳಿಯಿಲ್ಲದೆ ನೀರು ಉಸಿರು ಹಿಡಿದ ಹಾಗಿತ್ತು, ತಲೆಕೆಳಗಾದ ಬೆಟ್ಟವೊಂದು ಅದರೊಳಗೆ ಸುಮ್ಮನೆ ನಿಂತಿತ್ತು. ಅಲ್ಲಿಂದಾಚೆ ಮರ ಮುಗಿದು ಬರೀ ಹುಲ್ಲು, ಕಲ್ಲು. ಒಂದು ಪಕ್ಕ ಕಬ್ಬಿಣದ ಕಂಬಿ, ಕಂಬಿಯಾಚೆ ಕಮರಿ. ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಾ, ನನಗೇ ಹೀಗೆ, ನಿನ್ನ ಮಂಡಿ ಏನಾಗಿರಬೇಕು ಹೇಳು, ಅಂತ ಅವಳು ಪಕ್ಕಕ್ಕೆ ತಿರುಗಿ ಹೇಳಿದಳು. ಕೇಳುವವರಿಲ್ಲದ ಜಾಗದಲ್ಲಿ ಅಕ್ಕನ ಜೊತೆ ಬಾಯಿಬಿಟ್ಟು ಮಾತಾಡುವುದು ಸುಖವಾಗಿತ್ತು.

ಬಂಡೆ ತಲುಪುವಷ್ಟರಲ್ಲಿ ಬ್ಯಾಂಕಿನವರು ಫೋಟೋ ತೆಗೆಸಿಕೊಂಡು ಕೆಳಗಿಳಿಯಲು ಶುರುಮಾಡಿದ್ದರು. ಬಂಡೆಯ ಮೇಲೆ ಅವಳೊಬ್ಬಳೇ ಉಳಿದಳು.

ಹನ್ನೊಂದೂ ಕಂಡವು. ಒಂದರ ಹಿಂದೆ ಒಂದು, ಹತ್ತಿರದ್ದು ಹಸಿರು, ಆಮೇಲಿನದು ನೀಲಿ, ಕೊನೆಯದು ಇದೆಯೋ ಇಲ್ಲವೋ ಅನ್ನುವ ಹಾಗೆ ಬರೀ ಗೆರೆ. ಇಷ್ಟು ದೊಡ್ಡದನ್ನು ಒಬ್ಬರೇ ನೋಡಿದರೆ ಎಲ್ಲಿ ಇಟ್ಟುಕೊಳ್ಳುವುದು? ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ತನ್ನ ಚಹಾ ಬಗ್ಗಿಸಿಕೊಂಡಳು. ಇನ್ನೊಂದು ಲೋಟಕ್ಕೂ ಬಗ್ಗಿಸಿ, ಪಕ್ಕದಲ್ಲಿ ಇಟ್ಟು, ಯಾಕೋ ಮನಸ್ಸಿಗೆ ಬಂದು ನಲವತ್ತೆರಡನೇ ಬಿಲ್ಲೆಯನ್ನು ಚೀಲದಿಂದ ತೆಗೆದು ಆ ಲೋಟದ ಪಕ್ಕದಲ್ಲಿಟ್ಟಳು. ನಿನ್ನದು ನೀನೇ ಇಟ್ಟುಕೋ, ಅಂದಳು. ಮುಕ್ಕಾಲು ಗಂಟೆ ಹಾಗೇ ಕೂತಿದ್ದರು. ಕೂತಿದ್ದಳು ಅನ್ನಬೇಕು.

ಮಂಜು ಬಂದದ್ದು ದಿಢೀರನೆ. ಮೊದಲು ಹನ್ನೊಂದನೆಯದು ಹೋಯಿತು, ನೋಡನೋಡುತ್ತ ಎಂಟು, ಐದು. ಗಾಬರಿಯಾಗಿ ಅವಳು ಲೋಟ, ಫ್ಲಾಸ್ಕು ಚೀಲಕ್ಕೆ ತುರುಕಿ ಕಂಬಿ ಹಿಡಿದುಕೊಂಡು ಇಳಿದಳು. ಗೇಟಿಗೆ ಬಂದಾಗ ಗುಮಾಸ್ತ ಯಾರೋ ಬ್ಯಾಂಕಿನವನ ಉಳುಕಿದ ಕಾಲು ನೋಡಲು ಹೋಗಿದ್ದ. ನಲವತ್ತೊಂದನ್ನು ಮೊಳೆಗೆ ಸಿಕ್ಕಿಸಿದಳು. ಇನ್ನೊಂದಕ್ಕೆ ಚೀಲಕ್ಕೆ ಕೈ ಹಾಕಿದಳು. ಚೀಲವನ್ನೇ ಬೆಂಚಿನ ಮೇಲೆ ಸುರುವಿ ನೋಡಿದಳು. ಇರಲಿಲ್ಲ.

ಬಿಲ್ಲೆಯನ್ನು ಚೀಲದಲ್ಲೇ ಬಿಟ್ಟಿದ್ದರೆ ಅವಳ ಸುಳ್ಳು ಅವಳ ಜೊತೆಗೇ ಇಳಿದು ಬಂದು ತೆಪ್ಪಗೆ ಮೊಳೆಗೆ ನೇತುಬೀಳುತ್ತಿತ್ತು. ಮತ್ತೆ ಹತ್ತುವುದು ಆಗದ ಮಾತು. ತಗಡಿನ ಬಿಲ್ಲೆ ತಾನೇ, ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂದುಕೊಂಡು ಕಾಟೇಜಿಗೆ ಬಂದು, ಶೂ ಬಿಚ್ಚಿ, ಕಾಲಿಗೆ ಬಿಸಿನೀರು ಹಾಕಿಕೊಂಡಳು.

ಐದೂಕಾಲು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಖಾಕಿ ತೊಟ್ಟ ಗಾರ್ಡಮ್ಮ, ಮೂವತ್ತೈದರ ಗಟ್ಟಿಮುಟ್ಟು ಹೆಂಗಸು, ಸೊಂಟದಲ್ಲಿ ವಾಕಿಟಾಕಿ. ನಲವತ್ತೆರಡು ಬಂದಿಲ್ಲ, ನಿಮ್ಮ ಅಕ್ಕ ಇದ್ದಾರಾ ಅಂತ ಕೇಳಿದಳು. ಮಲಗಿದ್ದಾಳೆ ಅಂತ ಮೂವತ್ತೊಂದು ವರ್ಷದ ಅಭ್ಯಾಸ ಉತ್ತರ ಕೊಟ್ಟಿತು. ಗಾರ್ಡಮ್ಮ ಕಣ್ಣಾರೆ ನೋಡಬೇಕು, ನಿಯಮ ಹಾಗಿದೆ, ಅಂತ ಅವಳ ಭುಜದಾಚೆಗೆ ಇಣುಕಿದಳು. ಎರಡನೇ ಮಂಚದ ಹೊದಿಕೆ ಇಸ್ತ್ರಿ ಮಾಡಿದ ಹಾಗೆ ನೆಟ್ಟಗಿತ್ತು.

ಆಪರೇಟರಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಗಾರ್ಡಮ್ಮ ಅಂಥ ಮುಖಗಳನ್ನು ಬೇಕಾದಷ್ಟು ನೋಡಿದವಳು. ಅದು ಆಘಾತ ಅಂದುಕೊಂಡಳು. ಅವಳ ಎರಡೂ ಕೈ ಹಿಡಿದು, "ಹೆದರಬೇಡಿ ಅಮ್ಮಾ. ನಮ್ಮ ಬೆಟ್ಟದಲ್ಲಿ ನಾನು ಯಾರನ್ನೂ ಕಳ್ಕೊಂಡಿಲ್ಲ, ನಿಮ್ಮಕ್ಕನ್ನೂ ಕಳ್ಕೊಳಲ್ಲ," ಅಂದಳು. ತಿರುಗಿ ಶಿಳ್ಳೆ ಊದಿದಳು. ಕ್ವಾರ್ಟರ್ಸುಗಳಿಂದ ಜನ ಓಡಿಬಂದರು. ಒಬ್ಬ ಊಟದ ತಟ್ಟೆ ಬಿಟ್ಟು ಬಂದಿದ್ದ, ಒಬ್ಬನ ಕೆನ್ನೆಯ ಮೇಲೆ ಕ್ಷೌರದ ನೊರೆ ಹಾಗೇ ಇತ್ತು.

ಅವಳನ್ನು ಆಫೀಸಿಗೆ ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದರು. ಮೇಜಿನ ಮೇಲೆ ದೊಡ್ಡ ವೈರ್‌ಲೆಸ್ ಸೆಟ್ಟು, ಪಕ್ಕದಲ್ಲಿ ಟೆಲಿಫೋನು. ವನಧಾಮದ ಸಾಹೇಬರು ಎದುರು ಕೂತು ಒಂದೊಂದಾಗಿ ಕೇಳಿದರು. ವಯಸ್ಸು? ಅರವತ್ತೈದು. ಆರೋಗ್ಯ? ಮಂಡಿನೋವು. ಸ್ವೆಟರು? ಬೂದಿ ಬಣ್ಣ. ಕಿವಿ? ಎಡಗಿವಿ ಮಂದ. ಕೇಳಿದ್ದಕ್ಕೆಲ್ಲ ಉತ್ತರ ಇತ್ತು, ಅದೇ ಕಷ್ಟ. ಇಲ್ಲ ಅನ್ನುವುದೊಂದನ್ನು ಬಿಟ್ಟು ಅಕ್ಕನ ಬಗ್ಗೆ ಅವಳು ಹೇಳಲಾರದ್ದೇ ಇರಲಿಲ್ಲ. ಸಾಹೇಬರು ಬುಕಿಂಗ್ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿದರು. ಆ ಕಡೆ ದೊಡ್ಡ ನರ್ಸಮ್ಮ. ಮಂಡಿನೋವಿನವರು ಅಷ್ಟು ದೂರ ಹತ್ತಿದರೇ ಅಂತ ಅವರು ಅನುಮಾನದಿಂದ ಕೇಳಿದ್ದಕ್ಕೆ, ಅವರ ಹಟ ನಿಮಗೇನು ಗೊತ್ತು ಸಾರ್, ನಾನು ಮೂವತ್ತು ವರ್ಷದಿಂದ ಬಲ್ಲೆ, ಮನಸ್ಸು ಮಾಡಿದರೆ ತೆವಳಿಕೊಂಡಾದರೂ ಹತ್ತುತ್ತಾರೆ, ಅಂದಳಂತೆ. ಅಳುತ್ತಿದ್ದಳಂತೆ.

ಹೇಗೆ ಕರೆದರೆ ಓಗೊಡುತ್ತಾರೆ ಅಂತ ಸಾಹೇಬರು ಕೊನೆಯದಾಗಿ ಕೇಳಿದರು.

"ಅಕ್ಕ ಅಂದ್ರೆ ಸಾಕು," ಅಂದಳು ಆಪರೇಟರಮ್ಮ.

ಅವಳು ಕಿಟಕಿಯ ಬಳಿ ನಿಂತಳು. ಗಾರ್ಡಮ್ಮ ಸೇರಿ ಎಂಟು ಜನ ಟಾರ್ಚು ಹಿಡಿದು ಆಗಲೇ ಅರ್ಧ ದಾರಿ ಹತ್ತಿದ್ದರು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಮಂಜಿನಲ್ಲಿ ಟಾರ್ಚಿನ ಚುಕ್ಕೆಗಳು ಹತ್ತಿ ಉಂಡೆಯ ಹಾಗೆ ಕಾಣುತ್ತಿದ್ದವು. ಮೊದಲ ಕೂಗು ಕೇಳಿಸಿತು. ಅಕ್ಕಾ. ಎಡಗಿವಿ ಮಂದ ಅಂದಿದ್ದಳಲ್ಲ, ಎಲ್ಲರೂ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಕೊಳದ ಕಡೆಯಿಂದ ಒಂದು, ಕಂಬಿಯ ಕಡೆಯಿಂದ ಒಂದು, ಬೆಟ್ಟ ಅದನ್ನು ಇನ್ನೆರಡು ಸಲ ಹೇಳಿತು. ಇಷ್ಟು ವರ್ಷ ಅವಳೊಬ್ಬಳೇ ಕರೆದವಳು, ಅದೂ ನಾಲ್ಕು ಗೋಡೆಯ ನಡುವೆ, ಮೆಲ್ಲಗೆ. ಇವತ್ತು ಇಡೀ ಬೆಟ್ಟವೇ ಕರೆಯುತ್ತಿತ್ತು. ನಾಚಿಕೆಗೇಡಿನ ಮಾತು, ಆದರೆ ಇದ್ದದ್ದನ್ನು ಹೇಳಬೇಕು, ಒಂದು ಗಳಿಗೆ ಅವಳೂ ಕಿವಿ ನಿಮಿರಿಸಿ ಉತ್ತರಕ್ಕೆ ಕಾದಳು.

ಆಮೇಲೆ ಇನ್ನೂ ಕೆಟ್ಟ ಆಲೋಚನೆಯೊಂದು ಬಂತು. ಅಕ್ಕ ಹೀಗೇ ಹೋಗಿಬಿಡಲಿ. ಸಿಗಲಿಲ್ಲ ಅಂತಾಗಲಿ. ಬೆಟ್ಟ ನುಂಗಿತು ಅಂತ ಎಲ್ಲರೂ ಅಳುತ್ತಾರೆ, ಆಸ್ಪತ್ರೆಯವರು ಮನೆಗೆ ಬರುತ್ತಾರೆ, ದೊಡ್ಡ ನರ್ಸಮ್ಮ ಪಕ್ಕದಲ್ಲಿ ಕೂತು ಕೈ ಹಿಡಿಯುತ್ತಾಳೆ. ಇನ್ನು ಯಾರಿಗೂ ನೆಗಡಿಯ ನೆಪ ಹೇಳಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಕೂತಳು. ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು.

ಸೆಟ್ಟು ಕರಕರ ಅಂದಿತು. ಗಾರ್ಡಮ್ಮನ ದನಿ. ಕಂಬಿ ಮುರಿದ ಜಾಗದಲ್ಲಿದ್ದೀನಿ ಸಾರ್, ಕೆಳಗೆ ಕಮರಿಯಲ್ಲಿ ಬೂದಿ ಬಣ್ಣದ್ದು ಏನೋ ಕಾಣುತ್ತಿದೆ, ಅಲ್ಲಾಡುತ್ತಿಲ್ಲ. ಹಗ್ಗ ಕಟ್ಟಿದ್ದೇವೆ, ಇಳೀತಿದ್ದೀನಿ. ಸಾಹೇಬರು ಎದ್ದು ನಿಂತರು. ಮಂಜಿದೆ, ಬಂಡೆ ಒದ್ದೆ, ಕಾಯೋಣವಾ ಅಂತ ಕೇಳಿದರು. ಕಾದರೆ ಕತ್ತಲಾಗುತ್ತೆ ಸಾರ್, ಜೀವ ಇದ್ದರೆ, ಅಂದಳು ಗಾರ್ಡಮ್ಮ. ಮಾತು ಅಲ್ಲಿಗೇ ಕಡಿಯಿತು. ಸಾಹೇಬರು ಆಂಬ್ಯುಲೆನ್ಸಿಗೆ ಹೇಳಲು ಹೊರಗೆ ಓಡಿದರು.

ಕೋಣೆಯಲ್ಲಿ ಆಪರೇಟರಮ್ಮ ಮತ್ತು ಆ ಸೆಟ್ಟು. ಮುಂದಿನ ಮಾತು ಅದರಿಂದ ಏನು ಬರುತ್ತದೋ ಎಂದು ಅವಳು ನೋಡುತ್ತಾ ಕೂತಳು. ಸೆಟ್ಟು ಸುಮ್ಮನಿತ್ತು. ಸುಮ್ಮನಿರುವ ಲೈನಿನ ಅರ್ಥ ಅವಳಷ್ಟು ಬಲ್ಲವರು ಯಾರಿದ್ದಾರೆ? ಅವಳ ಕೈ ತಾನಾಗಿ ಹೋಗಿ ಗುಂಡಿ ಒತ್ತಿತು.

"ಎಲ್ಲರೂ ಕೇಳಿ, ಆಫೀಸಿನಿಂದ ಮಾತಾಡ್ತಿದ್ದೀನಿ," ಅಂದಳು. ಎಷ್ಟು ಸಾವಿನ ಸುದ್ದಿ, ಎಷ್ಟು ಹುಟ್ಟಿದ ಸುದ್ದಿ ಹಾದುಹೋದ ದನಿಯೋ, ಈಗ ಸ್ವಲ್ಪವೂ ನಡುಗಲಿಲ್ಲ. "ಬೆಟ್ಟದ ಮೇಲೆ ಯಾರೂ ಇಲ್ಲ. ಕಮರಿಯಲ್ಲಿ ಕಾಣ್ತಿರೋದು ಕಲ್ಲು. ನಾನು ಒಬ್ಬಳೇ ಬಂದದ್ದು, ಒಬ್ಬಳೇ ಹತ್ತಿದ್ದು. ನನಗೆ ಅಕ್ಕ ಇಲ್ಲ, ಯಾವತ್ತೂ ಇರಲಿಲ್ಲ. ಒಬ್ಬರನ್ನ ಒಳಗೆ ಬಿಡಲ್ಲ ಅಂದ್ರು, ಅದಕ್ಕೆ ಸುಳ್ಳು ಹೇಳಿದೆ. ಹಗ್ಗದಲ್ಲಿರೋರು ದಯವಿಟ್ಟು ಮೇಲೆ ಹತ್ತಿ. ಎಲ್ಲರೂ ವಾಪಸ್ ಬನ್ನಿ."

ಗುಂಡಿ ಬಿಟ್ಟಳು. ಆಮೇಲೆ ಯಾವುದೋ ಗಂಡಸಿನ ದನಿ, ಇದು ಯಾರು, ಏನು ಹೇಳ್ತಿದ್ದಾರೆ, ಅಂದಿತು. ಅವಳು ಮತ್ತೊಮ್ಮೆ ಅದನ್ನೇ ಹೇಳಿದಳು. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಸಾಹೇಬರು ನಿಂತಿದ್ದರು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಬಿಡಿ ಅಂದರು. ಅಷ್ಟರಲ್ಲಿ ಟೆಲಿಫೋನು ಹೊಡೆದುಕೊಂಡಿತು. ಸಾಹೇಬರು ಅದನ್ನು ಮುಟ್ಟದೆ ಅವಳ ಕಡೆಗೆ ಸರಿಸಿದರು. ನಿಮಗೇ ಇರಬೇಕು, ನೀವೇ ಹೇಳಿ.

ಅವಳು ಹೇಳಿದಳು.

"ನಿನ್ನ ಮನೆ ಹೊಸ್ತಿಲಲ್ಲಿ ಅರ್ಧ ಗಂಟೆ ಪಿಸುಗುಟ್ಕೊಂಡು ನಿಂತಿದ್ದೆನಲ್ಲೇ," ಅಂದಳು ದೊಡ್ಡ ನರ್ಸಮ್ಮ. "ಒಳಗೆ ಬಾ ಅಂದಿದ್ರೆ ನಾನೇನು ಕಳ್ಕೊತಿದ್ದೆ, ನೀನೇನು ಕಳ್ಕೊತಿದ್ದೆ?" ಲೈನು ಕಟ್ಟಾಯಿತು.

ಕಾಟೇಜಿಗೆ ಹೋಗಿ ಅಂತ ಗುಮಾಸ್ತ ಎರಡು ಸಲ ಹೇಳಿದ. ಅವಳು ಹೋಗಲಿಲ್ಲ. ಗೇಟಿನ ಬಳಿ ಹೋಗಿ ನಿಂತಳು. ಒಬ್ಬೊಬ್ಬರಾಗಿ ಇಳಿದುಬಂದರು. ಅವಳು ಮನಸ್ಸಿನಲ್ಲೇ ಎಣಿಸಿದಳು. ಮೊದಲಿನವನು ಅವಳನ್ನು ನೋಡಿ, ನಮಗೂ ಮನೇಲಿ ಹೆಂಡ್ತಿ ಮಕ್ಕಳಿದ್ದಾರಮ್ಮ, ಅಂತಷ್ಟೇ ಅಂದ. ನಾಲ್ಕನೆಯವನು ಬಾಯಿಗೆ ಬಂದದ್ದೆಲ್ಲ ಅಂದು ಮುಂದೆ ಹೋದ. ಉಳಿದವರು ನೋಡಲೇ ಇಲ್ಲ. ಏಳನೆಯವನ ನಂತರ ದಾರಿ ಬರಿದಾಯಿತು. ಅವಳು ಕಂಬ ಹಿಡಿದು ನಿಂತೇ ಇದ್ದಳು. ಮಂಜಿನಲ್ಲಿ ಕೊನೆಯ ಟಾರ್ಚು ಕಾಣಿಸಿಕೊಳ್ಳುವಷ್ಟರಲ್ಲಿ ಕಾಲು ಮರಗಟ್ಟಿತ್ತು.

ಗಾರ್ಡಮ್ಮನ ಅಂಗೈ ಹಗ್ಗ ಉಜ್ಜಿ ಸುಲಿದಿತ್ತು. ಗಂಟಲು ಪೂರ್ತಿ ಕಟ್ಟಿತ್ತು. ಅವಳು ಆಪರೇಟರಮ್ಮನ ಎದುರಿಗೆ ಬಂದು ನಿಂತಳು.

"ಇಳಿಯುವಾಗ ನಾನು ಅದ್ರ ಜೊತೆ ಮಾತಾಡ್ತಾ ಇಳಿದೆ," ಅಂದಳು. "ಹೆದರಬೇಡ ಅಕ್ಕ, ಬಂದೆ, ಇನ್ನೊಂದು ಸ್ವಲ್ಪ, ನಿನ್ನ ತಂಗಿ ಕೆಳಗೆ ಕಾಯ್ತಿದ್ದಾಳೆ ಅಂತ. ಕಲ್ಲಿನ ಜೊತೆ. ನೀವು ಹೇಳಿದ್ದು ಕೇಳಿಸಿದಾಗ ಅದಕ್ಕೂ ನನಗೂ ಎರಡು ಮಾರು ದೂರ."

"ತಪ್ಪಾಯ್ತು," ಅಂದಳು ಆಪರೇಟರಮ್ಮ. ಕೈಗೆ ಏನಾದರೂ ಹಚ್ಚಿಕೊಳ್ಳಿ ಅಂತಲೂ ಅಂದಳು.

"ಇವತ್ತು ನನ್ನ ಮಾತಾಡಿಸಬೇಡಿ," ಅಂತ ಗಾರ್ಡಮ್ಮ ಕ್ಯಾಂಟೀನಿನ ಕಡೆ ನಡೆದಳು.

ಆಪರೇಟರಮ್ಮ ಕಾಟೇಜಿಗೆ ಬಂದು ದೀಪ ಹಾಕಿದಳು. ಶೂ ಬಿಚ್ಚುತ್ತಾ, ಇವತ್ತು ಏನಾಯ್ತು, ಅಂತ ಬಾಯಿ ತನ್ನಷ್ಟಕ್ಕೆ ಶುರುಮಾಡಿ ಅರ್ಧಕ್ಕೆ ನಿಂತಿತು. ಕೇಳುವವಳು ಇರಲಿಲ್ಲ. ಕೂಗಿ ಕೂಗಿ ಎಂಟು ಜನ ಅಕ್ಕನನ್ನು ಖರ್ಚು ಮಾಡಿಬಿಟ್ಟಿದ್ದರು. ಕೋಣೆಯಲ್ಲಿ ಆವತ್ತಿನಂಥ ನಿಶ್ಶಬ್ದವನ್ನು ಅವಳು ಹಾಸ್ಟೆಲು ಬಿಟ್ಟ ಮೇಲೆ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಅದರ ಎದುರು ಕೂತಳು. ಆಮೇಲೆ ಶೂ ಮತ್ತೆ ಹಾಕಿಕೊಂಡಳು.

ಕ್ಯಾಂಟೀನಿನಲ್ಲಿ ಆ ಎಂಟು ಜನ ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದರು. ತಟ್ಟೆಗೆ ಬಡಿಸಿಕೊಂಡು, ಬೇರೆ ಮೇಜುಗಳೆಲ್ಲ ಖಾಲಿಯಿದ್ದರೂ, ಅವಳು ಅದೇ ಬೆಂಚಿನ ತುದಿಗೆ ಹೋಗಿ ಕೂತಳು. ಯಾರೂ ಮಾತಾಡಿಸಲಿಲ್ಲ. ಯಾರೂ ಎದ್ದು ಹೋಗಲೂ ಇಲ್ಲ. ಸುಲಿದ ಕೈಯಲ್ಲಿ ತುತ್ತು ಕಟ್ಟಲಾಗದೆ ಗಾರ್ಡಮ್ಮ ಚಮಚದಲ್ಲಿ ಮೆಲ್ಲಗೆ ತಿನ್ನುತ್ತಿದ್ದಳು. ಆಪರೇಟರಮ್ಮ ತಲೆ ತಗ್ಗಿಸಿ ತನ್ನ ಊಟ ಮುಗಿಸಿದಳು. ಮುಗಿದ ಮೇಲೂ, ಕೊನೆಯವರು ಉಂಡು ಮುಗಿಸುವ ತನಕ, ಅಲ್ಲೇ ಕೂತಿದ್ದಳು.